ಬಿಟ್ಟ ಹೊಲಿಗೆ, ಹಿಡಿದ ಹೊಲಿಗೆ

ಅಂಗಡಿ ಮೇಲಿನ ಮನೆ
ಭಾನುವಾರ, ಮಾರ್ಚ್ ೯

ಪ್ರೀತಿಯ ಇವಳೇ,

ಹೇಗಿದ್ದೀಯ? ಮಗಳು ಹೇಗಿದ್ದಾಳೆ? ಮೊಮ್ಮಗಳು ರಾತ್ರಿ ಮಲಗುವುದನ್ನು ಕಲಿತಳಾ, ಇಲ್ಲ ಇನ್ನೂ ನಿಮ್ಮಿಬ್ಬರನ್ನೂ ಪಾಳಿಯ ಮೇಲೆ ದುಡಿಸುತ್ತಿದ್ದಾಳಾ? ಆ ಮನೆಯ ಮೆಟ್ಟಿಲು ಹತ್ತುವಾಗ ನೀನು ನಡುವೆ ಕೂತು ಸುಧಾರಿಸಿಕೊಳ್ಳುತ್ತೀಯಂತೆ, ಮಗಳು ಫೋನಿನಲ್ಲಿ ಬಾಯಿಬಿಟ್ಟಳು. ಕೇಳಿದ್ದಕ್ಕೆ ‘ವಯಸ್ಸಾಯ್ತಲ್ಲ’ ಅಂದೆಯಂತೆ. ಆ ಮಾತಿಗೆ ಆಮೇಲೆ ಬರುತ್ತೇನೆ. ನಾನು ಚೆನ್ನಾಗಿದ್ದೇನೆ. ಅಂದರೆ, ಚೆನ್ನಾಗಿರಲಿಲ್ಲ, ಈಗ ಚೆನ್ನಾಗಿದ್ದೇನೆ. ಇದನ್ನು ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕಿ ‘ನಾನು ಆವತ್ತೇ ಬಡ್ಕೊಂಡೆ’ ಅನ್ನುತ್ತೀಯ. ಕಾಗದದಲ್ಲಾದರೆ ಕೊನೆಯವರೆಗೆ ನಾನೊಬ್ಬನೇ ಮಾತಾಡಬಹುದು. ಮದುವೆಯಾದ ಮೇಲೆ ಇದೇ ಮೊದಲು.

ಒಟ್ಟು ಎಷ್ಟಾಯಿತು ಅಂತ ತಿಳಿಯದೆ ನಾನು ಯಾವ ಕಥೆಯನ್ನೂ ಕೇಳುವವನಲ್ಲ, ಹೇಳುವವನೂ ಅಲ್ಲ. ಆದ್ದರಿಂದ ಮೊದಲು ಖರ್ಚು. ಈ ಪ್ರಸಂಗಕ್ಕೆ ತಗುಲಿದ್ದು ಒಂದು ಕೋಟು ಹೊಲಿಯುವಷ್ಟು ಒಳ್ಳೆಯ ಕಪ್ಪು ಬಟ್ಟೆ, ನನ್ನ ತೋಳಿನ ಒಂದಿಷ್ಟು ರಕ್ತ, ನನ್ನ ಪ್ಯಾಂಟುಗಳ ಮರ್ಯಾದೆ, ಮತ್ತು ಟೀ ಅಂಗಡಿಯವನ ಸ್ನೇಹ. ಇಷ್ಟೇ. ಎದೆ ಹಿಡಿದುಕೊಳ್ಳಬೇಡ, ಮುಂದೆ ಓದು.

ಕಪ್ಪು ಬಟ್ಟೆ ಪಿಟೀಲು ಮೇಷ್ಟರದು. ಗೊತ್ತಲ್ಲ, ಬಲಭುಜ ಎಡಕ್ಕಿಂತ ತುಸು ಇಳಿದಿರುವ ಮನುಷ್ಯ. ಅವರ ಮೊದಲ ದೊಡ್ಡ ಸಂಗೀತ ಕಚೇರಿಗೆ ಅಂತ ಕೋಟು ಹೊಲಿಸಲು ಕೊಟ್ಟಿದ್ದರು. ಮೇಜಿನ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಹಿಡಿದೆ. ಹೊತ್ತು ಸುಮಾರು ಹನ್ನೊಂದು. ಕೈ ನಡುಗಿತು. ನಡುಗುವುದೇನು ಹೊಸದಲ್ಲ. ನೀನು ಹೋಗುವುದಕ್ಕೂ ಮುಂಚಿನಿಂದ ಆ ಹೊತ್ತಿಗೆ ಕೈಯಲ್ಲಿ ಒಂದು ಗುಂಯ್‌ಗುಡುವಿಕೆ, ಹಣೆಯಲ್ಲಿ ಬೆವರು. ಒಂದು ಟೀ ಕುಡಿದರೆ ತಣ್ಣಗಾಗುತ್ತಿತ್ತು, ಆಮೇಲೆ ಮತ್ತೆ ಶುರು, ಮತ್ತೆ ಟೀ. ಆವತ್ತು ಟೀ ಬರುವುದು ತಡವಾಯಿತು. ಕತ್ತರಿ ಗೆರೆ ದಾಟಿ ಎರಡು ಬೆರಳಷ್ಟು ಒಳಗೆ ಹೋಯಿತು, ಅದೂ ತೋಳು ಕೂಡುವ ಜಾಗದಲ್ಲಿ. ಅಲ್ಲಿ ತಪ್ಪಿದರೆ ಮುಚ್ಚಲು ಬ್ರಹ್ಮನಿಂದಲೂ ಆಗದು.

ನನಗೆ ಕಸುಬು ಕಲಿಸಿದ ಮುದುಕ ನೆನಪಾದ. ಕೈಯ ಹಿಡಿತ ಹೋದ ಮೇಲೆ ಅವನು ತನ್ನದೇ ಅಂಗಡಿಯ ಮೂಲೆಯಲ್ಲಿ ಕೂತು ಬೇರೆಯವರು ಕತ್ತರಿಸಿದ ಬಟ್ಟೆಗೆ ಗುಂಡಿ ಹಚ್ಚುತ್ತಿದ್ದ. ಕತ್ತರಿ ಹಿಡಿಯದ ಕಟಿಂಗ್ ಮಾಸ್ಟರ್ ಅಂದರೆ ಹಲ್ಲಿಲ್ಲದ ಬಾಚಣಿಗೆ, ಬಿಸಾಡಲು ಮನಸ್ಸು ಬಾರದೆ ಯಾರೋ ಇಟ್ಟುಕೊಂಡಿರುತ್ತಾರೆ ಅಷ್ಟೆ. ನನ್ನ ಸರದಿ ಬಂತು ಅಂದುಕೊಂಡೆ. ಬಟ್ಟೆಯನ್ನು ಮಡಿಸಿ ಮೇಜಿನ ಕೆಳಗೆ ತಳ್ಳಿದೆ.

ನಮ್ಮ ಅಂಗಡಿಯ ಕಾಜಕ್ಕನ ಕಣ್ಣು ತಪ್ಪಿಸಲು ಆಗುತ್ತದಾ? ಗುಂಡಿಯ ತೂತಿಗೆ ಕಾಜಾ ಹಾಕಿ ಹಾಕಿ ಅವಳ ಕಣ್ಣು ಸೂಜಿಗಿಂತ ಚೂಪಾಗಿದೆ. ‘ಮಾಸ್ಟ್ರೇ, ಕೈ ಹೋಗಿರೋದಾದ್ರೆ ಟೀ ಬಂದ ತಕ್ಷಣ ವಾಪಸ್ ಬರ್ತಾ ಇರಲಿಲ್ಲ. ಕೈಯಲ್ಲೇನೂ ಇಲ್ಲ, ಹೊಟ್ಟೆಯಲ್ಲೂ ಏನೂ ಇಲ್ಲ, ಅದೇ ರೋಗ’ ಅಂದಳು. ಅಂಗಡಿ ಬಾಗಿಲು ಎಳೆದು, ದಾರಿ ತಪ್ಪಿದ ಎತ್ತನ್ನು ಹೊಡೆದುಕೊಂಡು ಹೋಗುವ ಹಾಗೆ ನನ್ನನ್ನು ಬೀದಿ ಕೊನೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಕೋಟಿನ ತೋಳು ಉದ್ದವಾಗಿತ್ತು, ಕೇಳಿದ್ದರೆ ಸರಿ ಮಾಡಿಕೊಡುತ್ತಿದ್ದೆ. ದಿನಕ್ಕೆ ಏನೇನು ತಿನ್ನುತ್ತೀರಿ ಅಂದಳು. ನಾನು ಹೆಮ್ಮೆಯಿಂದಲೇ ಹೇಳಿದೆ, ನಾನು ಮಿತಾಹಾರಿ, ಬೆಳಗ್ಗೆ ನೀರು ಬಿಟ್ಟರೆ ಏನೂ ಮುಟ್ಟುವುದಿಲ್ಲ ಅಂತ. ಟೀ? ಕುಡಿಯುತ್ತೇನೆ. ಎಷ್ಟು? ಬಂದಷ್ಟು. ಸಕ್ಕರೆ? ಇರುತ್ತದೆ. ಮಧ್ಯಾಹ್ನ? ಕೆಲಸ ಮುಗಿದಾಗ, ಮೂರೋ ನಾಲ್ಕೋ, ಆಗ ಮಾತ್ರ ಹೊಟ್ಟೆ ಬಿರಿಯುವಷ್ಟು, ಉಂಡ ಮೇಲೆ ಮಿಷಿನ್ನಿನ ಮೇಲೆ ತಲೆಯಿಟ್ಟು ಒಂದು ನಿದ್ದೆ. ರಾತ್ರಿ? ಅಂಗಡಿ ಮುಚ್ಚಿ, ತಟ್ಟೆ ಖಾಲಿ ಮಾಡಿ, ನೇರ ಹಾಸಿಗೆಗೆ. ಅವಳು ಬರೆಯುವುದನ್ನು ನಿಲ್ಲಿಸಿ, ‘ತೂಕ ಹೆಚ್ಚಾಗಿದೆಯಾ?’ ಅಂದಳು. ಖಂಡಿತ ಇಲ್ಲ ಅಂದೆ. ಮಗಳ ಮದುವೆಗೆ ಹೊಲಿದುಕೊಂಡ ಪ್ಯಾಂಟು ಇವತ್ತಿಗೂ ಸರಿಯಾಗುತ್ತದೆ, ಬೇಕಾದರೆ ನೋಡಿ, ಇದೇ ಅದು ಅಂತ ಎದ್ದು ನಿಂತೇ ತೋರಿಸಿದೆ.

ಕಾಜಕ್ಕ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. ‘ಪ್ಯಾಂಟು ಅದೇ ಡಾಕ್ಟ್ರೇ, ಒಳಗೆ ಮಡಿಸಿದ್ದ ಬಟ್ಟೆಯೆಲ್ಲ ಈಗ ಹೊರಗೆ ಬಂದಿದೆ. ಇನ್ನು ಬಿಡೋಕೆ ದಾರದಷ್ಟೂ ಇಲ್ಲ’ ಅಂದಳು.

ನಿಜ ಇವಳೇ. ಬೇರೆ ಗಂಡಸರಿಗೆ ಸೊಂಟ ಬಿಗಿಯಾದರೆ ಪ್ಯಾಂಟು ಎತ್ತಿಕೊಂಡು ದರ್ಜಿಯ ಹತ್ತಿರ ಬರಬೇಕು, ಅವನು ಟೇಪು ಹಾಕಿ ಹಲ್ಲು ಕಿರಿಯಬೇಕು, ಆಗ ನಾಚಿಕೆಯಾಗಿ ಒಂದು ತುತ್ತಾದರೂ ಕಮ್ಮಿ ಮಾಡುತ್ತಾರೆ. ನಾನೇ ದರ್ಜಿ. ಬಿಗಿ ಅನಿಸಿದ ದಿನ ಕೂತಲ್ಲೇ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟುಕೊಳ್ಳುತ್ತಿದ್ದೆ, ಮೂಗಿನ ಮೇಲೆ ಕೂತ ನೊಣ ಓಡಿಸಿದ ಹಾಗೆ, ಗಮನವೇ ಇಲ್ಲದೆ. ಬೀದಿಯವರೆಲ್ಲರ ಹೊಟ್ಟೆಯ ಜಾತಕ ನನ್ನ ಬಾಯಲ್ಲಿದೆ, ನನ್ನದು ಮಾತ್ರ ಗೊತ್ತಿಲ್ಲ.

ತೋಳಿನಿಂದ ರಕ್ತ ತೆಗೆದು ಪರೀಕ್ಷೆ ಮಾಡಿಸಿದಳು. ರಕ್ತದಲ್ಲಿ ಸಕ್ಕರೆ ಗಡಿಯ ಮೇಲೆ ನಿಂತಿದೆಯಂತೆ, ದಾಟಿಲ್ಲ. ಬರಿಹೊಟ್ಟೆಗೆ ಸಿಹಿ ಟೀ ಸುರಿದರೆ ಸಕ್ಕರೆ ಜಿಗಿದು ಏರುತ್ತದೆ, ಹಾಗೇ ದೊಪ್ಪನೆ ಬೀಳುತ್ತದೆ, ಬಿದ್ದಾಗ ಕೈ ನಡುಗುತ್ತದೆ, ಮತ್ತೆ ಟೀ ಕುಡಿದರೆ ಮತ್ತೆ ಅದೇ ಉಯ್ಯಾಲೆ. ಮಾತ್ರೆ ಬರೆದುಕೊಡುತ್ತಾಳೆ ಅಂತ ಕಾದೆ. ‘ಮೊದಲು ಹೊತ್ತಿಗೆ ಸರಿಯಾಗಿ ತಿನ್ನಿ, ಆಮೇಲೆ ನೋಡೋಣ’ ಅಂದಳು. ಮೋಸ ಹೋದ ಹಾಗಾಯಿತು. ಇದೇ ಮಾತನ್ನು ನೀನು ಇಷ್ಟು ವರ್ಷ ಬಿಟ್ಟಿಯಾಗಿ ಹೇಳುತ್ತಿದ್ದೆ.

ಈಗ ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಎರಡು ಮೊಟ್ಟೆ, ಬೇಯಿಸಿದ ಕಾಳು, ಒಂದು ಹಣ್ಣು. ಒಂದು ಗಂಟೆಗೆ ಕತ್ತರಿ ಕೆಳಗಿಟ್ಟು ಊಟ. ಅರ್ಧ ತಟ್ಟೆ ತರಕಾರಿ ಸೊಪ್ಪು, ಉಳಿದರ್ಧದಲ್ಲಿ ಅನ್ನವೂ ಬೇಳೆಯೂ ಜಾಗ ಹಂಚಿಕೊಳ್ಳಬೇಕು. ರಾತ್ರಿಯದು ಬೆಳಕಿರುವಾಗಲೇ, ಆಮೇಲೆ ಬೀದಿ ಕೊನೆಯವರೆಗೆ ನಡೆದು ಬರುವುದು. ಟೀ ಇದೆ, ಆದರೆ ದಿನಕ್ಕೆ ಎರಡೇ, ಸಕ್ಕರೆ ಇಲ್ಲ, ಅದಕ್ಕೇ ಟೀ ಅಂಗಡಿಯವನು ಮಾತು ಬಿಟ್ಟಿದ್ದಾನೆ. ಮೊದಲ ವಾರ ಪಾತ್ರೆ ತೊಳೆದ ನೀರು ಕುಡಿದ ಹಾಗಿತ್ತು, ಈಗ ಟೀಯ ರುಚಿ ಸಿಗುತ್ತಿದೆ. ಟೀಗೆ ಸ್ವಂತ ರುಚಿ ಇದೆ ಅಂತ ಈ ವಯಸ್ಸಿನಲ್ಲಿ ತಿಳಿಯಿತು. ಮಧ್ಯಾಹ್ನದ ನಿದ್ದೆ ಹೋಯಿತು, ರಾತ್ರಿಯ ಎದೆಯುರಿಯೂ ಅದರ ಹಿಂದೆಯೇ ಹೋಯಿತು. ಒಂದು ಸಲ ಜಾರಿದೆ. ಬೇಕರಿಯವನು ಬಟ್ಟೆ ಒಯ್ಯಲು ಬಂದಾಗ ಕೇಕು ತಂದಿದ್ದ, ಬೇಡ ಅನ್ನುವುದು ಹೇಗೆ? ಮಾರನೆಯ ದಿನ ಡಾಕ್ಟರಮ್ಮನಿಗೆ ಹೇಳಿದೆ. ‘ಒಂದು ತುಂಡಿಗೆ ಯಾರೂ ಕೆಡೋದಿಲ್ಲ, ದಿನಾ ಮಾಡೋದು ಮುಖ್ಯ’ ಅಂದಳು. ಅಂಥ ಡಾಕ್ಟರು ನೂರು ವರ್ಷ ಬಾಳಲಿ.

ಕಳೆದ ಗುರುವಾರ ಹೊಸ ಕಪ್ಪು ಬಟ್ಟೆ ಹಾಸಿದೆ, ನನ್ನ ಕೈ ದುಡ್ಡಿನಿಂದಲೇ ತಂದದ್ದು. ಬೇಕೆಂದೇ ಹನ್ನೊಂದಕ್ಕೆ ಹಿಡಿದೆ. ಕಾಜಕ್ಕ ಸೂಜಿ ಬಾಯಲ್ಲಿಟ್ಟುಕೊಂಡು ಬೇರೆಲ್ಲೋ ನೋಡುವವಳ ಹಾಗೆ ನನ್ನನ್ನೇ ನೋಡುತ್ತಿದ್ದಳು. ಕತ್ತರಿ ಗೆರೆಯ ಮೇಲೆ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು, ತೋಳು ಕೂಡುವ ಜಾಗದಲ್ಲಿ ತಿರುಗಿತು, ಆಚೆ ಬಂತು. ‘ಸದ್ಯ, ಗುಂಡಿ ಹಚ್ಚೋ ಕೆಲಸಕ್ಕೆ ನನಗೆ ಪೈಪೋಟಿ ತಪ್ಪಿತು’ ಅಂದು ಅವಳು ತನ್ನ ಕಾಜಾಗಳಿಗೆ ಮರಳಿದಳು. ಕೆಟ್ಟ ಬಟ್ಟೆಯಲ್ಲಿ ಮೇಷ್ಟರಿಗೇ ತೋಳಿಲ್ಲದ ಒಂದು ಕೋಟು ಆಯಿತು. ತೋಳೇ ಇಲ್ಲದ ಮೇಲೆ ತೋಳಿನ ಹತ್ತಿರದ ತಪ್ಪು ಯಾರಿಗೆ ಕಾಣಬೇಕು?

ಮಗಳಿಗೆ, ಅಳಿಯನಿಗೆ ಆಶೀರ್ವಾದ. ಮೊಮ್ಮಗಳ ಅಳತೆ ಕಳಿಸು, ಅಂದಾಜಿನ ಮೇಲೆ ಹೊಲಿಯುವುದು ನನಗಾಗದು. ಬೆಳೆಯುವ ಕೂಸು, ಒಳಗೆ ಬಟ್ಟೆ ಜಾಸ್ತಿಯೇ ಮಡಿಸಿ ಇಡುತ್ತೇನೆ.

ಇತಿ,
ನಿನ್ನ ‘ಏನೂಂದ್ರೆ’

ಮತ್ತೆ (ಸೋಮವಾರ ಬೆಳಗ್ಗೆ): ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಒಳಗಿನ ಅಸ್ತರು ಬದಲಿಸಲು ನೀನು ಬಿಟ್ಟುಹೋದ ಬೂದು ಕೋಟನ್ನು ನಿನ್ನೆ ಬಿಚ್ಚಿದೆ. ಪಕ್ಕದಲ್ಲಿ ಹಳೆಯ ಹೊಲಿಗೆಯ ಗುರುತು, ಅದರ ಒಳಗೆ ಇನ್ನೊಂದು, ಅದರ ಒಳಗೆ ಮತ್ತೊಂದು. ಎಲ್ಲ ನನ್ನದೇ ಕೈ. ‘ಸ್ವಲ್ಪ ಸಡಿಲ ಆಗಿದೆ, ಹಿಡಿದುಕೊಡಿ’ ಅಂತ ನೀನು ಅನ್ನುತ್ತಿದ್ದೆ, ನಾನು ಹಿಡಿದುಕೊಡುತ್ತಿದ್ದೆ. ನನ್ನದನ್ನು ಬಿಟ್ಟ ಸೂಜಿಯಲ್ಲೇ ನಿನ್ನದನ್ನು ಹಿಡಿದಿದ್ದೇನೆ. ಎಲ್ಲರದೂ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ನೀನು ನಿಂತೇ ತಿನ್ನುವುದು, ಉಳಿಯದಿದ್ದರೆ ಹಸಿವಿಲ್ಲ ಅನ್ನುವುದು, ಅಲ್ಲಿಯೂ ಅದನ್ನೇ ಮಾಡುತ್ತಿದ್ದೀಯಂತೆ. ಡಾಕ್ಟರಮ್ಮನಿಗೆ ಮೆಟ್ಟಿಲಿನ ವಿಷಯ ಹೇಳಿದೆ. ಅದು ವಯಸ್ಸೇ ಅಂತ ಯಾರು ಹೇಳಿದರು, ರಕ್ತ ಕಮ್ಮಿ ಇರಬಹುದು, ತಡಮಾಡದೆ ಪರೀಕ್ಷೆ ಮಾಡಿಸಲಿ ಅಂದಳು. ಈ ಕಾಗದ ತಲುಪಿದ ಮಾರನೆಯ ದಿನವೇ ಮಗಳ ಜೊತೆ ಹೋಗು. ಅಡುಗೆಮನೆಯ ಮೇಜಿಗೆ ಇನ್ನೊಂದು ಕುರ್ಚಿ ಹಾಕಿದ್ದೇನೆ. ನೀನು ಬಂದ ಮೇಲೆ ನಿನ್ನ ತಟ್ಟೆಗೆ ಮೊದಲು ಬಡಿಸಿಯೇ ನನ್ನ ತಟ್ಟೆಗೆ. ಕೋಟಿನ ಹೊಲಿಗೆಗಳನ್ನು ಪೂರ್ತಿ ಬಿಚ್ಚಿಟ್ಟಿದ್ದೇನೆ, ಹೊಲಿದಿಲ್ಲ, ನೀನು ಮೈ ತುಂಬಿಕೊಂಡ ಮೇಲೆ ಹೊಸ ಅಳತೆಗೆ.

ಕೊನೆಯ ಲೆಕ್ಕ ಹೀಗಿದೆ. ಮೇಷ್ಟರಿಗೆ ಒಂದರ ಜಾಗದಲ್ಲಿ ಎರಡು ಕೋಟು. ಕಾಜಕ್ಕನಿಗೆ ಒಂದು ಗಂಟೆಗೆ ಸರಿಯಾಗಿ ಊಟದ ಬಿಡುವು, ಮೇಲೆ ನನ್ನನ್ನು ಆಡಿಕೊಳ್ಳಲು ಸಾಯುವ ತನಕ ಸಾಕಾಗುವಷ್ಟು ಸರಕು. ಟೀ ಅಂಗಡಿಯವನಿಗೆ ನಷ್ಟ. ನನಗೆ ನನ್ನ ಕೈ. ನಿನ್ನ ಹೆಸರಿನ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ.