ತಪ್ಪು ಹೇಳಿಕೊಟ್ಟವಳು

ಜೂನ್ ೩, ಮಂಗಳವಾರ

ಅಣ್ಣನ ಮೇಲೆ ನನಗೆ ಹೊಟ್ಟೆಕಿಚ್ಚು. ಚಿಕ್ಕಂದಿನಿಂದ. ಯಾರಿಗೂ ಹೇಳಿಲ್ಲ. ಕಾಯಿಲೆ ಬಿದ್ದವನ ಮೇಲೂ ಹೊಟ್ಟೆಕಿಚ್ಚೇ ಅಂದಾರು. ಹೌದು, ಅವನ ಮೇಲೂ.

ಬೆಳಿಗ್ಗೆ ಎಂದಿನಂತೆ ಮೈದಾನ. ಅಣ್ಣ ಓಡಬೇಕು, ಜೊತೆಗೆ ನಾನು. ಎರಡು ವರ್ಷ ರಾತ್ರಿ ಲಾರಿ ಓಡಿಸಿದ. ನಿದ್ದೆ ಬಾರದಿರಲೆಂದು ಮಾತ್ರೆ, ಆಮೇಲೆ ಪುಡಿ. ಬಿಟ್ಟು ತಿಂಗಳುಗಳೇ ಆದವು. ತಲೆ ಮಾತ್ರ ಇನ್ನೂ ಮನೆಗೆ ಬಂದಿಲ್ಲ — ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಮಾತ್ರೆಯಿಂದ ಕೆಟ್ಟಿದ್ದಕ್ಕೆ ಮಾತ್ರೆ ಇಲ್ಲ ಎಂದರು ಡಾಕ್ಟರು. ಓಟ, ಹೊತ್ತಿಗೆ ಸರಿಯಾಗಿ ನಿದ್ದೆ, ತಲೆಗೆ ತರಬೇತಿ. ಅಷ್ಟೇ.

ನಾಲ್ಕು ಸುತ್ತು ಓಡಿದ. ಅಮ್ಮ ಬಾಗಿಲಲ್ಲೇ ಕಾದಿದ್ದಳು. ನಾಲ್ಕಾ ಎಂದು ಕಣ್ಣೊರೆಸಿಕೊಂಡಳು. ಅದೇ ನಾಲ್ಕು ಸುತ್ತು ನಾನೂ ಓಡಿದ್ದೆ. ನನ್ನ ಕಾಲು ಬಾಡಿಗೆಗೆ ತಂದದ್ದು, ಲೆಕ್ಕಕ್ಕಿಲ್ಲ.

ಜೂನ್ ೫, ಗುರುವಾರ

ಅಣ್ಣನ ತಲೆಗೆ ತರಬೇತಿ ಕೊಡುವ ಮೇಡಂ ಅಂಗಡಿಗೇ ಬಂದರು. ಅಪ್ಪನದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಅಣ್ಣನಿಗೆ ಅದೇ ಕೆಲಸ ಕಲಿಸಬೇಕಂತೆ. ಕೈಗೆ ಅಭ್ಯಾಸವಾದದ್ದು ತಲೆಗೂ ಹತ್ತುತ್ತದಂತೆ. ಮೊದಲು ಗಾಜಿಗೆ ನೀರು ಸಿಂಪಡಿಸಿ ಒರೆಸು, ಒಣಗಲಿ, ಆಮೇಲೆ ಫೋಟೋ, ಹಿಂದೆ ರಟ್ಟು, ಮೊಳೆ. ಕಲಿಸುವವಳು ನಾನು.

"ಅವನನ್ನ ಪ್ರಶ್ನೆ ಕೇಳಬೇಡ" ಎಂದರು ಮೇಡಂ. "ಊಹೆ ಮಾಡಿ ಒಂದ್ಸಲ ತಪ್ಪು ಮಾಡಿದ್ರೆ ಆ ತಪ್ಪೇ ಕೂತುಬಿಡುತ್ತೆ. ನಮಗಾದ್ರೆ ತಪ್ಪಾಯ್ತು ಅನ್ನೋದೂ ನೆನಪಿರುತ್ತೆ. ಅವನಿಗೆ ಅದು ಇರಲ್ಲ, ಮಾಡಿದ್ದಷ್ಟೇ ಉಳಿಯುತ್ತೆ. ನೀನೇ ಮೊದಲು ಹೇಳು, ಆಮೇಲೆ ಮಾಡಿಸು."

ನನ್ನ ಸ್ಕೂಲಿನಲ್ಲಿ ಮೊದಲು ಪ್ರಶ್ನೆ, ಆಮೇಲೆ ಬೆತ್ತ. ಹೀಗೆ ಹೇಳಿಕೊಡುವವರು ಒಬ್ಬರಿದ್ದಿದ್ದರೆ ಒಂಬತ್ತನೇ ತರಗತಿಗೆ ಸ್ಕೂಲು ಬಿಡುತ್ತಿದ್ದೆನೋ ಇಲ್ಲವೋ...

ಜೂನ್ ೯, ಸೋಮವಾರ

ಊಟದ ಹೊತ್ತಿಗೆ ಅಪ್ಪ, ಇವನು ಕೆಲಸ ಕಲಿತರೆ ಅಂಗಡಿ ಇವನೇ ನೋಡಿಕೊಳ್ಳಲಿ ಎಂದರು. ಅಮ್ಮ ಅಣ್ಣನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

"ನಾನು?" ಎಂದೆ.

"ನೀನು ಬುಗುರಿ ಕಣೇ. ಯಾವತ್ತಾದ್ರೂ ಒಂದು ಕಡೆ ಕೂತಿದ್ದೀಯಾ?" ಎಂದರು ಅಪ್ಪ.

ಎಲ್ಲರೂ ನಕ್ಕರು. ಬುಗುರಿ ಮನೆಯಲ್ಲಿ ನನ್ನ ಹೆಸರು. ಮೂರು ವರ್ಷದಿಂದ ಅಂಗಡಿಯ ಮೇಜಿನ ಮುಂದೆ ಗಾಜು ಕತ್ತರಿಸುತ್ತಿರುವವಳು ನಾನು. ನಿಂತು ಮಾಡುವ ಕೆಲಸ ಅದು. ಕೂತಿಲ್ಲ, ನಿಜ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ.

ಜೂನ್ ೧೦, ಮಂಗಳವಾರ

ಅಪ್ಪ ಬೆಳಿಗ್ಗೆ ಮರದ ಪಟ್ಟಿ ತರಲು ಹೋಗುತ್ತಾರೆ. ಅಂಗಡಿಯಲ್ಲಿ ನಾವಿಬ್ಬರೇ. ಹಳೆಯ ಕ್ಯಾಲೆಂಡರ್ ಚಿತ್ರಗಳ ಮೇಲೆ ಅಭ್ಯಾಸ.

ಇವತ್ತು ಪ್ರಶ್ನೆ ಕೇಳಿದೆ. ಬೇಕೆಂದೇ. ಮೊದಲು ಏನು ಮಾಡಬೇಕು ಅಣ್ಣ?

ನನ್ನ ಮುಖ ನೋಡಿದ. ಗಾಜಿನ ಕೆಳಗೆ ಚಿತ್ರ ಇಟ್ಟು ಕಟ್ಟು ಹಾಕಿದ. ಆಮೇಲೆ ಬಾಟಲಿ ತೆಗೆದು ಗಾಜಿಗೆ ನೀರು ಹೊಡೆದ. ಅಂಚಿನಲ್ಲಿ ನೀರು ಒಳಗಿಳಿಯಿತು. ಅವನು ಗಮನಿಸಲಿಲ್ಲ.

"ಹೀಗಾ?"

"ಹೂಂ" ಎಂದೆ.

ಇನ್ನೂ ಎರಡು ಸಲ ಮಾಡಿಸಿದೆ. ನೆನೆದ ಚಿತ್ರಗಳನ್ನು ಹರಿದು ಎಸೆದೆ.

ಜೂನ್ ೧೮, ಬುಧವಾರ

ಬರೆದಿಲ್ಲ. ಬರೆದರೆ ಇದನ್ನೇ ಬರೆಯಬೇಕು. ದಿನವೂ ಹಾಗೇ ಮಾಡಿಸಿದ್ದೇನೆ. ಈಗ ಹೇಳುವುದೇ ಬೇಡ, ಸಿಳ್ಳೆ ಹಾಕುತ್ತ ತಾನೇ ಮಾಡುತ್ತಾನೆ. ಮಾಡಿ ನನ್ನತ್ತ ನೋಡುತ್ತಾನೆ. ಸರಿ ಎನ್ನುತ್ತೇನೆ.

ಜೂನ್ ೨೧, ಶನಿವಾರ

ನಾನು ಕನ್ನಡಿ ತಲುಪಿಸಲು ಹೋಗಿದ್ದೆ. ಹಿಂದೆ ನಮ್ಮ ಬೀದಿಗೆ ಕಾಗದ ಹಂಚುತ್ತಿದ್ದ ಪೋಸ್ಟ್ ತಾತ ಫೋಟೋ ತಂದಿದ್ದರಂತೆ. ಮದುವೆಯ ಹೊಸದರಲ್ಲಿ ಅವರೂ ಅಜ್ಜಿಯೂ ತೆಗೆಸಿದ್ದು. ಅಜ್ಜಿ ಹೋಗಿಬಿಟ್ಟಿದ್ದಾರೆ, ಫೋಟೋ ಅದೊಂದೇ. ಅಪ್ಪ ಧೈರ್ಯ ಮಾಡಿ ಅಣ್ಣನ ಕೈಗೆ ಕೊಟ್ಟು ಫೋನಿಗೆ ಎದ್ದು ಹೋದರು.

ನಾನು ಬರುವಾಗ ಅಜ್ಜಿಯ ಮುಖದ ಜಾಗದಲ್ಲಿ ಕಲೆ. ತಾತ ಬೈಯಲಿಲ್ಲ. ಫೋಟೋವನ್ನು ಅಂಗಿಯ ಚುಂಗಿನಿಂದ ಒತ್ತುತ್ತ ನಿಂತಿದ್ದರು.

ಸಂಜೆ ಅಪ್ಪ ಅಮ್ಮನಿಗೆ ಹೇಳಿದರು — "ಸಾಕು. ಇವನ ತಲೆಗೆ ಇನ್ನು ಏನೂ ಹತ್ತಲ್ಲ. ಮೇಡಂಗೆ ಬರಬೇಡಿ ಅಂತೀನಿ."

ಅಣ್ಣ ಅಲ್ಲೇ ಇದ್ದ. ಕೈ ನೋಡಿಕೊಳ್ಳುತ್ತಿದ್ದ.

ನಾನು ಬಯಸಿದ್ದು ಇದೇ ತಾನೆ. ತಟ್ಟೆ ಹಾಗೇ ಬಿಟ್ಟು ಎದ್ದೆ.

ಜೂನ್ ೨೩, ಸೋಮವಾರ

ಮೇಡಂ ಕೊನೆಯ ಸಲವೆಂದು ಬಂದರು. ಅಣ್ಣ ಮಲಗಿದ್ದ. ಉಳಿದವರೆಲ್ಲರ ಮುಂದೆ ಹೇಳಿಬಿಟ್ಟೆ. ನಾನೇ ತಪ್ಪು ಕಲಿಸಿದ್ದು, ಗೊತ್ತಿದ್ದೂ ಕಲಿಸಿದ್ದು. ಅಮ್ಮ ಕೂತುಬಿಟ್ಟಳು. ಅಪ್ಪ ಎತ್ತಿದ ಕೈ ಮೇಜಿನ ಮೇಲಿಟ್ಟರು.

ಮೇಡಂ ಕೇಳಿದ್ದು ಬೇರೆ. "ಕೊನೆಕೊನೆಗೆ ತಾನಾಗೇ ಮಾಡ್ತಿದ್ನಾ? ನೀನು ಹೇಳದೆ?"

"ಹೌದು."

ಅಪ್ಪನ ಕಡೆ ತಿರುಗಿದರು. "ಕೇಳಿದ್ರಾ? ತಪ್ಪು ಕೆಲಸ, ಆದ್ರೆ ಕಲಿತಿದ್ದಾನೆ. ಕಲಿತಿದ್ದು ನಿಂತಿದೆ. ಈಗ ನಿಲ್ಲಿಸ್ತೀರಾ?"

ನಾನು ಮಾಡಿದ ದ್ರೋಹವೂ ಅವನ ಜಾಣತನಕ್ಕೇ ಸಾಕ್ಷಿ. ಆ ಹೊತ್ತಿನಲ್ಲೂ ಕಿಚ್ಚು ಎದ್ದಿತು. ಸುಳ್ಳು ಬರೆಯುವುದಿಲ್ಲ.

ಇನ್ನು ಅಪ್ಪನೇ ಕಲಿಸಬೇಕಂತೆ. ನನ್ನನ್ನು ಕಂಡರೆ ಅವನ ಕೈ ಹಳೆಯ ದಾರಿಗೇ ಹೋಗುತ್ತದಂತೆ. ದೊಡ್ಡಮ್ಮನ ಊರಿನ ಗಾಜಿನ ಕಾರ್ಖಾನೆಯಲ್ಲಿ ಕೆಲಸವಿದೆ, ಹೋಗುತ್ತೇನೆ ಎಂದೆ. ಬೇಡ ಎಂದು ಯಾರೂ ಹೇಳಲಿಲ್ಲ.

ಜೂನ್ ೨೪, ಮಂಗಳವಾರ

ತಾತನ ಮನೆಗೆ ಹೋಗಿ ಹೇಳಿದೆ. ಕೇಳಿ, ಬಾಗಿಲು ಹಾಕಿಕೊಂಡರು.

ಅಣ್ಣನಿಗೂ ಹೇಳಿದೆ. ಯಾಕೆ ಎಂದ. ಹೊಟ್ಟೆಕಿಚ್ಚಿಗೆ ಎಂದೆ.

"ನನ್ನ ಮೇಲಾ? ನನ್ನ ಹತ್ರ ಏನಿದೆ ಅಂತ, ಬುಗುರಿ?"

ಸಂಜೆ ಬ್ಯಾಗು ನೋಡಿ, ಎಲ್ಲಿಗೆ ಹೊರಟೆ ಎಂದು ಕೇಳಿದ. ಮರೆತಿದ್ದ. ಸುಮ್ಮನಿರಬಹುದಿತ್ತು. ಮತ್ತೆ ಮೊದಲಿನಿಂದ ಹೇಳಿದೆ. ಅದೇ ಮುಖ, ಅದೇ ಮಾತು, ಹೊಸದಾಗಿ. ನನಗೆ ಎರಡನೆಯ ಸಲ.

ಮರೆಯುತ್ತಾನಲ್ಲ. ಅದಕ್ಕೂ ಹೊಟ್ಟೆಕಿಚ್ಚು.

ಜೂನ್ ೨೫, ಬುಧವಾರ, ಮಧ್ಯಾಹ್ನ

ಅಪ್ಪ ಕಲಿಸುತ್ತಿದ್ದಾರೆ. ಹೊರಗೆ ನಿಂತು ಕೇಳಿದೆ. ಮೊದಲು ಗಾಜು ಒರೆಸೋಣ ಮಗಾ... ಈಗ ಒಣಗಲಿ... ಅಪ್ಪನಿಗೆ ಆ ದನಿ ಇದೆಯೆಂದೇ ಗೊತ್ತಿರಲಿಲ್ಲ. ಅಣ್ಣನ ಕೈ ಒಂದು ಸಲ ಬಾಟಲಿ ಬಿಟ್ಟು ಫೋಟೋ ಕಡೆ ಹೋಯಿತು. ಅಪ್ಪ ಮೆಲ್ಲಗೆ ಹಿಡಿದು ಬಾಟಲಿಯ ಮೇಲೆ ಇಟ್ಟರು.

ಒಳಗೆ ಹೋಗಲಿಲ್ಲ. ನಾಳೆ ಬೆಳಿಗ್ಗೆ ಹೊರಡುತ್ತೇನೆ.