ಬೀದಿ ಕೇಳಿ, ಹೆಸರು ಕೇಳಿ

ಓಲ್ಡ್ ಟೌನ್, ಭದ್ರಾವತಿ
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕ ಸರಿಯಾಗಿ ಊಟ ಮಾಡುತ್ತಿದ್ದಾಳಾ, ಪಾಪು ನಿದ್ದೆ ಮಾಡಲು ಬಿಡುತ್ತಿದೆಯಾ? ಬಾಣಂತನಕ್ಕೆ ಹೋದವಳು ದಾವಣಗೆರೆಯವರ ಬ್ಲೌಸುಗಳನ್ನೆಲ್ಲ ಹೊಲಿಯುತ್ತಾ ಕೂತುಬಿಡಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಫೋನಿನಲ್ಲಿ ಹೇಳಿದರೆ ನಡುವೆಯೇ ಬೈದುಬಿಡುತ್ತೀಯ ಅಂತ ಬರೆದು ಷಣ್ಮುಖಪ್ಪ ಮಾವನ ಕೈಲಿ ಕಳಿಸುತ್ತಿದ್ದೇನೆ.

ಅಮ್ಮಾ, ನನ್ನ ಕೆಲಸ ಕಾಯಂ ಆಯಿತು! ನಮ್ಮ ಶಿವಮೊಗ್ಗದ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಮೂವತ್ತು ಲಕ್ಷ ದಾಖಲೆಗಳಿವೆ ಅಂದಿದ್ದೆನಲ್ಲ? ಕಾರ್ಡ್ ನಂಬರ್ ಕೊಟ್ಟರೆ ತಟ್ಟನೆ ಸಿಗುತ್ತಿತ್ತು. ಆದರೆ ಕಾಯಿಲೆಯವರು ಕಾರ್ಡನ್ನು ಎಲ್ಲಿ ಜೋಪಾನ ಮಾಡಿರುತ್ತಾರೆ? ಊರು ಹೇಳುತ್ತಾರೆ, ಹೆಸರು ಹೇಳುತ್ತಾರೆ, ಅಷ್ಟೇ. ಆಗ ಕಂಪ್ಯೂಟರು ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಸಾಲು ಓದಿ ಹುಡುಕಬೇಕು, ಒಬ್ಬೊಬ್ಬರಿಗೂ ಮುಕ್ಕಾಲು ನಿಮಿಷ. ಕ್ಯೂ ಗೇಟಿನ ತನಕ. ಶುಕ್ರವಾರದೊಳಗೆ ಸರಿಯಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದಿದ್ದರು ನಮ್ಮ ಮೇಲಿನ ರೇಣುಕಾಪ್ರಸಾದ್ ಸರ್. ನಾನು ಗಾಬರಿಯಲ್ಲಿ ಊರು, ಹೆಸರು, ಹುಟ್ಟಿದ ತಾರೀಕು, ಫೋನು, ವಾರ್ಡು ಅಂತ ಸಿಕ್ಕಿದ್ದಕ್ಕೆಲ್ಲ ಬೇರೆಬೇರೆ ಇಂಡೆಕ್ಸ್ ಹಾಕಿದೆ. ದಪ್ಪ ಪುಸ್ತಕದ ಕೊನೆಗೆ ಯಾವ ಪದ ಯಾವ ಪುಟದಲ್ಲಿದೆ ಅಂತ ಪಟ್ಟಿ ಇರುತ್ತದಲ್ಲ, ಅಂಥದ್ದು. ಒಂದೇ ಊರಿನವರು ಸಾವಿರಾರು, ಒಂದೇ ಹೆಸರಿನವರೂ ಸಾವಿರಾರು, ಹುಡುಕಾಟ ಅಷ್ಟೇನೂ ಚುರುಕಾಗಲಿಲ್ಲ. ಹೊಸಬರನ್ನು ಬರೆದುಕೊಂಡಾಗಲೆಲ್ಲ ಅಷ್ಟೂ ಪಟ್ಟಿ ತಿದ್ದಬೇಕಾಗಿ ಈಗ ನೋಂದಣಿಯೂ ತೆವಳತೊಡಗಿತು. ಅಳು ಬಂತು ಕಣಮ್ಮ.

ಗುರುವಾರ ಸಂಜೆ ನಿನ್ನ ಹೊಲಿಗೆ ಅಂಗಡಿ ತೆಗೆದರೆ ವಸಂತಮ್ಮ ಬ್ಲೌಸಿಗೆ ಬಂದರು, ಬಿಲ್ ಕಳೆದುಕೊಂಡಿದ್ದರು. ಅರ್ಧ ಗಂಟೆ ತಡಕಾಡಿದೆ. (ಯಾಕೆ ಅಂತ ಆಮೇಲೆ ಹೇಳುತ್ತೇನೆ.) "ನಿಮ್ಮಮ್ಮ ಯಾವತ್ತು ಬಿಲ್ ಕೇಳಿದಾಳೆ ಮಾರಾಯ್ತಿ? ಬೀದಿ ಕೇಳ್ತಾಳೆ, ಹೆಸರು ಕೇಳ್ತಾಳೆ, ಕೈ ಹಾಕ್ತಾಳೆ, ಬ್ಲೌಸ್ ಬರುತ್ತೆ" ಅಂದರು. ಮೊದಲು ಬೀದಿ, ಆ ಬೀದಿಯೊಳಗೆ ಹೆಸರು! ನನಗೆ ಆಸ್ಪತ್ರೆಯ ಕಂಪ್ಯೂಟರೇ ಕಣ್ಣಮುಂದೆ ಬಂತು. ಮರುದಿನ ಹೋದವಳೇ ನಾನು ಹಾಕಿದ್ದನ್ನೆಲ್ಲ ಕಿತ್ತು, ಒಂದೇ ಒಂದು ಇಂಡೆಕ್ಸ್ ಹಾಕಿದೆ, ಮೊದಲು ಊರು, ಅದರೊಳಗೆ ಹೆಸರು. ಸರ್ ಪಕ್ಕದಲ್ಲೇ ನಿಂತಿದ್ದರು. ಹೊಳೆಹೊನ್ನೂರು, ಪುಟ್ಟಲಕ್ಷ್ಮಿ ಅಂತ ಹೊಡೆದೆ. ರೆಪ್ಪೆ ಮುಚ್ಚಿ ತೆಗೆಯುವುದರೊಳಗೆ ಬಂತಮ್ಮ! ಹೊಸ ನೋಂದಣಿಯೂ ಸಲೀಸು, ಮಧ್ಯಾಹ್ನದ ಹೊತ್ತಿಗೆ ಕ್ಯೂ ಕರಗಿತ್ತು. ಸಂಜೆ ಕಾಯಂ ಪತ್ರ ಕೊಡುತ್ತಾ, ಎಲ್ಲಿ ಕಲಿತೆ ಅಂತ ಸರ್ ಕೇಳಿದರು. ನಮ್ಮಮ್ಮ ಟೈಲರ್ ಸರ್, ಅಂದೆ.

ಅಕ್ಕನಿಗೆ ನೆನಪು, ಪಾಪುವಿಗೆ ಮುತ್ತು, ನಿನ್ನ ಕಾಲಿಗೆ ನಮಸ್ಕಾರ.

ನಿನ್ನ ಮಗಳು,
ಸುಮನಾ

ಮರೆತಿದ್ದೆ: ಬೈಯಬೇಡ. ನೀನು ಹೋದ ಮರುದಿನವೇ ಅಂಗಡಿಗೆ ಶಿಸ್ತು ತರುತ್ತೇನೆ ಅಂತ ನೀನು ಹೊಲಿದಿಟ್ಟ ಬಟ್ಟೆಯ ಗಂಟುಗಳನ್ನೆಲ್ಲ ಬಿಲ್ ನಂಬರಿನ ಪ್ರಕಾರ ಜೋಡಿಸಿದ್ದೆ. ಇವತ್ತು ಬೆಳಿಗ್ಗೆಯಿಂದ ಕೂತು ಮತ್ತೆ ನಿನ್ನ ಹಾಗೇ ಬೀದಿವಾರು ಇಟ್ಟಿದ್ದೇನೆ. ಬಿಲ್ಲೇ ಇಲ್ಲದ ಒಂದು ಗಂಟನ್ನು ಅವತ್ತು ಎಲ್ಲಿಡುವುದೋ ತಿಳಿಯದೆ ಚಿಂದಿ ಚೀಲಕ್ಕೆ ತುರುಕಿದ್ದೆ. ಅದರ ಚೀಟಿ ಈಗ ಓದಿದೆ: ನಮ್ಮ ಬೀದಿ, ಸುಮನಾ, ಕೆಲಸ ಕಾಯಂ ಆದ ದಿನಕ್ಕೆ. ಒಳಗಿದ್ದ ಬ್ಲೌಸ್ ಹಾಕಿ ನೋಡಿದೆ, ಅಳತೆ ಸರಿಯಾಗಿದೆ ಅಮ್ಮಾ. ನಾಳೆ ಅದನ್ನೇ ಹಾಕಿಕೊಂಡು ಹೋಗುತ್ತೇನೆ.