ನಾಲ್ಕು ಇಂಚು ಕಮ್ಮಿ

ನವೆಂಬರ್ ೨೧, ಗುರುವಾರ

ಇಂದು ಮಧ್ಯಾಹ್ನ ಹನ್ನೆರಡಕ್ಕೆ ಶ್ರೀಮತಿ ಲತಾ ನಂಜುಂಡಪ್ಪನವರು, ಅಂದರೆ ನಾನು, ಮದುವೆ ಹೆಣ್ಣಿನ ರೇಷ್ಮೆ ಬ್ಲೌಸ್ ಬಟ್ಟೆಯನ್ನು ಎದುರುಮನೆಯ ಪಿಯುಸಿ ಹುಡುಗಿಯ ಅಳತೆಗೆ ಕತ್ತರಿಸಿದೆ.

ಬಸವೇಶ್ವರನಗರದ ಹೆಂಗಸರು ಮೈಗೆ ಟೇಪ್ ತಾಗಿಸಲು ಬಿಡುವುದಿಲ್ಲ. ಹೊಸ ಬಟ್ಟೆಯ ಜೊತೆ ಹಳೆಯ ಬ್ಲೌಸೊಂದನ್ನು ಅಳತೆಗೆಂದು ಕವರಿಗೆ ತುರುಕಿ ಕೊಡುತ್ತಾರೆ. ತರಕಾರಿಗೆ ಹೊರಟ ಅತ್ತೆ ಗಟ್ಟಿಯಾದ ಎರಡು ಕವರ್ ನೋಡಿ, ಖಾಲಿ ಮಾಡಿಕೊಂಡು ಹೋಗಿದ್ದರು.

“ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಹೊಂದ್ಸಿ ಇಟ್ಟಿದ್ನಲ್ಲೇ, ಎಷ್ಟು ನೀಟಾಗಿ!” ಎಂದರು, ಆಮೇಲೆ ಕೇಳಿದಾಗ.

ಒಲೆಯ ಮೇಲೆ ಸಾರು, ಫೋನಿನಲ್ಲಿ ಮಗಳ ಟೀಚರ್, ಕೈಯಲ್ಲಿ ಕತ್ತರಿ. ಬಣ್ಣ ಹೊಂದಿತೆಂದು ಹುಡುಗಿಯ ಹಳೆಯ ಬ್ಲೌಸ್ ಮದುಮಗಳ ಬಟ್ಟೆಯ ಜೊತೆ ಸೇರಿದ್ದನ್ನು ನಾನೂ ನೋಡಲಿಲ್ಲ. ಈಗ ನಾಲ್ಕು ಇಂಚು ಕಮ್ಮಿ. ಸೀರೆಯಲ್ಲೇ ನೇಯ್ದು ಬಂದ ಬಟ್ಟೆ, ಯಾವ ಅಂಗಡಿಯಲ್ಲೂ ಸಿಗದು. ಮದುವೆ ಭಾನುವಾರ.

ಸಂಜೆ ಮದುಮಗಳು ಚೇತನಾ ಫೋನ್ ಮಾಡಿದಳು. “ಆಂಟಿ, ನಾಳೆ ಹತ್ತಕ್ಕೆ ಟ್ರಯಲ್‌ಗೆ ಬರ್ತೀವಿ. ಸೀರೆ ತಗೊಂಡು ಅಮ್ಮಾನೂ ಬರ್ತಾರೆ.”

“ಬನ್ನಿ ಬನ್ನಿ!” ಎಂದುಬಿಟ್ಟೆ.

ನನಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿಯೇ ಕೆಲಸ ಬರುವುದು. ಆ ಅಮ್ಮ ಇದನ್ನು ಹೇಳಿದರೆ ಸೀರೆಗೆ ಫಾಲ್ಸ್ ಹಚ್ಚಲೂ ನನಗೆ ಯಾರೂ ಕೊಡುವುದಿಲ್ಲ.

ಇರುವುದೊಂದೇ ದಾರಿ. ಸೀರೆಯಲ್ಲಿ ಸೊಂಟದೊಳಗೆ ಸಿಕ್ಕಿಸುವ ತುದಿಯಿಂದ ಪಟ್ಟಿ ಕತ್ತರಿಸಿ ಬ್ಲೌಸಿನ ಕಂಕುಳ ಕೆಳಗೆ ಜೋಡಿಸುವುದು. ಅದಕ್ಕೆ, ಮದುವೆ ಸೀರೆಗೂ ಕತ್ತರಿ ಹಾಕಲಾ ಎಂದು ಆ ತಾಯಿಯನ್ನು ಕೇಳಬೇಕು. ಬಚ್ಚಲ ಕನ್ನಡಿಯ ಮುಂದೆ ಐದು ಸಲ ಅಭ್ಯಾಸ ಮಾಡಿದೆ. ಐದು ಸಲವೂ ಗಂಟಲಿನಿಂದ ಹೊರಟಿದ್ದು, “ಕಾಫಿ ಕುಡೀತೀರಾ?”